ಹೆದರಿಕೆಯ ಗುಳಿಗೆ

ಕಾಂಪೌಂಡರ್ ಹುಚ್ಚಪ್ಪನ ಮಾತು ಕೇಳುತ್ತ ಕೇಳುತ್ತ ಡಾಕ್ಟರ್ ಅಮೋಘಸಿದ್ದಪ್ಪ ತುಟಿಯವರೆಗೆ ಒಯ್ದಿದ್ದ ಚಹಾದ ಬಸಿಯನ್ನು ಕುಡಿಯದೆ ಕೆಳಗಿಟ್ಟ. ಹುಚ್ಚಪ್ಪ ಹೇಳುತ್ತಿದ್ದುದು ದೂರೂ ಅಲ್ಲ, ವರದಿಯೂ ಅಲ್ಲ. ರೋಗಿಗಳೆಲ್ಲ ಹೋದ ಮೇಲೆ ದುಮ್ಮವಾಡದ ಸರಕಾರಿ ದವಾಖಾನೆಯ ಕಟ್ಟೆಯ ಮೇಲೆ ಕೂತು ದಿನಾ ಹೇಳುವಂಥ ಹರಟೆ. ಮುಂಜಾನೆ ಅತ್ತೆಯ ಜೋಡಿ ಬಂದಿದ್ದ ಬಮ್ಮಿಗಟ್ಟಿಯ ದೇವಕ್ಕ ಎಂಬ ಹೆಣ್ಣುಮಗಳು ಔಷಧದ ಕಿಟಕಿಯ ಮುಂದೆ ನಿಂತವಳು ಗೋಡೆ ಹಿಡಿದು ಕುಸಿದಳಂತೆ. ಮುಖ ಸುಣ್ಣದಂತಾಯಿತಂತೆ, ಕಣ್ಣುಗುಡ್ಡೆ ಮೇಲಾದವಂತೆ. ಹುಚ್ಚಪ್ಪ ನೀರು ತಗೊಂಡು ಸುತ್ತಿ ಬರುವಷ್ಟರಲ್ಲಿ ಮುಖಕ್ಕೆ ಕೆಂಪೇರಿ, ಏನೂ ಆಗೇ ಇಲ್ಲ ಅನ್ನುವ ಹಾಗೆ ಎದ್ದು ಸೆರಗು ಸರಿಮಾಡಿಕೊಂಡು, ಡಾಕ್ಟರು ಕೊಟ್ಟ ಗುಳಿಗೆ ಊಟಕ್ಕೆ ಮೊದಲೋ ಆಮೇಲೋ ಅಂತ ಮತ್ತೊಮ್ಮೆ ಕೇಳಿದಳಂತೆ.

"ನನಗಂತೂ ಜೀವ ಹೋಗಿ ಬಂದಂಗಾತು ನೋಡ್ರಿ," ಅಂದ ಹುಚ್ಚಪ್ಪ, ಮತ್ತೆ ತನ್ನ ಚಹಾ ಸೊರ್ ಎಂದು ಎಳೆದ.

ಅಮೋಘಸಿದ್ದಪ್ಪನಿಗೆ ತಗುಲಿದ್ದು ಆ ಕೊನೆಯ ಮಾತು. ದೇವಕ್ಕನೂ ಮುಂಜಾನೆ ಅವನ ಮುಂದಿನ ಸ್ಟೂಲಿನ ಮೇಲೆ ಕೂತು ಅದನ್ನೇ ಅಂದಿದ್ದಳು. "ಒಮ್ಮೊಮ್ಮಿ ಜೀವ ಹೋಗಿ ಬಂದಂಗ ಆಗತೈತ್ರಿ ಸಾಹೇಬ್ರ." ಈ ಕಡೆಯ ನಾಡಿನಲ್ಲಿ ಈ ಮಾತು ಆಡದವರು ಯಾರು? ಬಸ್ಸು ಬ್ರೇಕು ಹಾಕಿದರೆ ಜೀವ ಹೋಗಿ ಬರುತ್ತದೆ, ಶಾಲೆಗೆ ಹೋದ ಕೂಸು ಹೊತ್ತಾಗಿ ಬಂದರೆ ಬರುತ್ತದೆ, ಅಟ್ಟದಿಂದ ಬೆಕ್ಕು ಜಿಗಿದರೂ ಬರುತ್ತದೆ. ಅಣ್ಣಿಗೇರಿಯ ಬಾಜು ಹುಟ್ಟಿ ಬೆಳೆದ ಅಮೋಘಸಿದ್ದಪ್ಪ ತನ್ನ ಪರೀಕ್ಷೆಯ ಫಲಿತಾಂಶದ ದಿನ ತಾನೇ ಹಾಗೆಂದಿದ್ದ. ಪರನಾಡಿನ ಡಾಕ್ಟರನಾಗಿದ್ದರೆ ತಿಳಿಯದೆ ಒಂದು ಮಾತು ಕೇಳುತ್ತಿದ್ದನೇನೋ. ಇವನದು ಮನೆಯ ಭಾಷೆ, ಕೇಳುವುದೇನಿದೆ? ಹೆದರಿಕೆ ಅಂದುಕೊಂಡ. ಯಾತಕ್ಕೆ ಹೆದರಿದೆಯವ್ವಾ ಅಂದದ್ದೇ ತಡ, ಅತ್ತೆ ಮೈಲಾರವ್ವ ಹಿಂದಿನ ತಿಂಗಳು ಬಣವಿಯ ಸಂದಿನಲ್ಲಿ ಸೊಸೆಗೆ ನಾಗರಹಾವು ಕಂಡ ಕಥೆಯನ್ನು ಹೆಡೆಯ ಅಳತೆಯ ಸಮೇತ ಹೇಳಿ ಮುಗಿಸಿದಳು. ಹೊರಗೆ ಸಾಲು ಬಾಗಿಲ ತನಕ ಇತ್ತು. ಅವನು ಅವಳ ಕೈ ಹಿಡಿದು ನಾಡಿ ನೋಡಿದ್ದೂ ಹೌದು, ಆದರೆ ಕಣ್ಣು ಸಾಲಿನ ಮೇಲಿತ್ತು. ಬಡಿತ ನಿಧಾನ ಅನ್ನಿಸಿತ್ತು. ಹೊಲದಲ್ಲಿ ದುಡಿಯುವ ಗಟ್ಟಿ ಮೈ, ಹಾಗೇ ಇರುತ್ತದೆ ಅಂದುಕೊಂಡು ಕೈ ಬಿಟ್ಟಿದ್ದ.

ಬಿಟ್ಟದ್ದಷ್ಟೇ ಅಲ್ಲ. ಔಷಧ ಕಂಪನಿಯವನು ಬಿಟ್ಟುಹೋಗಿದ್ದ ಹೊಸ ಮಾತ್ರೆಯ ಪಟ್ಟಿಯೊಂದು ಮೇಜಿನ ಮೇಲಿತ್ತು. ಗಾಬರಿಗೆ, ಎದೆ ಹಾರುವುದಕ್ಕೆ ಅಗದಿ ಛಲೋ ಅಂದಿದ್ದ ಅವನು. ಬಡವರಿಗೆ ಪುಕ್ಕಟೆ ಒಳ್ಳೆಯ ಔಷಧ ಕೊಟ್ಟೆ ಎಂಬ ಖುಷಿಯಿಂದ ಅಮೋಘಸಿದ್ದಪ್ಪ ಆ ಪಟ್ಟಿಯನ್ನು ಮೈಲಾರವ್ವನ ಕೈಗೆ ಹಾಕಿ, ಮಧ್ಯಾಹ್ನ ಉಂಡ ಮೇಲೆ ಒಂದು, ರಾತ್ರಿ ಒಂದು ಅಂದಿದ್ದ. ಓಡುವ ಎದೆಗೆ ಲಗಾಮು ಹಾಕುವ ಗುಳಿಗೆ ಅದು. ತಾನಾಗಿ ನಿಂತು ನಿಂತು ನಡೆಯುವ ಎದೆಗೆ ಅದನ್ನು ಕೊಟ್ಟರೆ, ನಿಂತದ್ದು ನಿಂತೇ ಬಿಡಬಹುದು.

ಅವಳು ಹೆದರಿಕೆಯ ಮಾತಾಡಿರಲಿಲ್ಲ. ಆದದ್ದನ್ನು ಆದ ಹಾಗೆ ಹೇಳಿದ್ದಳು. ಎದೆ ನಿಲ್ಲುತ್ತಿತ್ತು, ಜೀವ ಹೋಗುತ್ತಿತ್ತು. ಎದೆ ಮತ್ತೆ ಹೊರಡುತ್ತಿತ್ತು, ಜೀವ ಬರುತ್ತಿತ್ತು. ಪುಸ್ತಕದಲ್ಲಿ ಓದಿದ್ದ ರೋಗ, ಬಿಳುಚುವ ಮುಖ, ಆಮೇಲೆ ಏರುವ ಕೆಂಪು, ಎಲ್ಲ ಈಗ ಸಾಲಾಗಿ ನೆನಪಾಯಿತು. ನೆನಪಾಗಿ ಏನು ಬಂತು? ಊಟದ ಹೊತ್ತಾಗಿತ್ತು.

ದವಾಖಾನೆಯ ಜೀಪು ರಿಪೇರಿಗೆಂದು ಹುಬ್ಬಳ್ಳಿಗೆ ಹೋಗಿ ಮಳೆಗಾಲವೇ ಕಳೆದಿತ್ತು. ಅಮೋಘಸಿದ್ದಪ್ಪ ಬೀರು ತೆಗೆದು ಸಿರಿಂಜು, ಆಟ್ರೊಪಿನ್ ಇಂಜೆಕ್ಷನ್ನು ಕಿಸೆಗೆ ಹಾಕಿಕೊಂಡ. ಬೆಳೆಗೆ ಹೊಡೆಯುವ ವಿಷದ ಎಣ್ಣೆ ಕುಡಿದು ಬಂದವರಿಗೆಂದು ಇಟ್ಟಿದ್ದ ಔಷಧ ಅದು, ಬಿದ್ದ ಎದೆಬಡಿತವನ್ನೂ ಎಬ್ಬಿಸುತ್ತದೆ. ಎದುರಿಗೆ ಖಾನಾವಳಿಯಲ್ಲಿ ರೊಟ್ಟಿ ಮುರಿಯುತ್ತಿದ್ದ ಮೆಟಾಡೋರ್ ಗಾಡಿಯ ಇಸ್ಮಾಯಿಲಸಾಬನನ್ನು ಎಬ್ಬಿಸಿದ. ಇಸ್ಮಾಯಿಲಸಾಬ ಡಾಕ್ಟರನ ಮುಖ ನೋಡಿ ಯಾಕೆ ಏನು ಅಂತ ಕೇಳಲಿಲ್ಲ, ಕೈ ಧೋತರಕ್ಕೆ ಒರೆಸಿಕೊಂಡು ಗಾಡಿ ಚಾಲೂ ಮಾಡಿದ.

ಹಾದಿಯುದ್ದಕ್ಕೂ ಅಮೋಘಸಿದ್ದಪ್ಪನ ತಲೆಯಲ್ಲಿ ಒಂದೇ ಹರಕೆ: ಇವತ್ತು ಅವರ ಮನೆಯಲ್ಲಿ ಅಡುಗೆ ತಡವಾಗಲಿ. ಒಲೆ ಹೊತ್ತದೆ ಇರಲಿ. ನೆಂಟರು ಯಾರಾದರೂ ಬಂದು ಪಂಕ್ತಿ ಎರಡಾಗಿ ಹೆಂಗಸರ ಊಟ ಕೊನೆಗೆ ಬೀಳಲಿ. ಭತ್ತದ ಗದ್ದೆಗಳ ನಡುವಿನ ಕಚ್ಚಾ ರಸ್ತೆಯಲ್ಲಿ ಕುರಿಯ ಹಿಂಡು ಅಡ್ಡ ಬಂದಾಗ ಅವನು ಹಾರ್ನಿನ ಮೇಲೆ ತಾನೇ ಕೈ ಚಾಚಿ ಒತ್ತಿದ. ಕುರಿಗಳಿಗೆ ಡಾಕ್ಟರ ಅವಸರ ತಿಳಿಯುವುದಿಲ್ಲ ಅಂತ ಇಸ್ಮಾಯಿಲಸಾಬ ನಗಿಸಲು ನೋಡಿದ. ಇವನಿಗೆ ನಗು ಬರಲಿಲ್ಲ. ತಾನು ಈ ಕೆಲಸಕ್ಕೆ ಬಂದದ್ದೇ ತಪ್ಪು ಅನ್ನಿಸುತ್ತಿತ್ತು. ಬಯಸಿ ಬಂದವನೂ ಅಲ್ಲ ಅವನು. ಅಂಕ ಚೆನ್ನಾಗಿ ಬಂದವು, ಸೋದರಮಾವ ಅರ್ಜಿ ತಂದ, ಊರಿಗೆ ಊರೇ ಡಾಕ್ಟರಾಗು ಅಂದಿತು, ಆದ. ಮಂದಿಯ ಗೋಳು ಕೇಳುತ್ತ ಕೂಡುವುದೆಂದರೆ ಅವನಿಗೆ ಒಲ್ಲದ ಮಾತು. ಒಂದು ನೋವು ಹೇಳಲು ಮೂರು ತಲೆಮಾರಿನ ಕಥೆ ತೆಗೆಯುತ್ತಾರೆ. ಅದಕ್ಕೇ ಮುಂದಿನ ಓದಿಗೆ ಎಕ್ಸ್‌ರೇ ವಿಭಾಗ ಹಿಡಿಯಬೇಕು ಎಂದು ಲೆಕ್ಕ ಹಾಕಿದ್ದ. ಎಲುಬಿನ ಚಿತ್ರ ಮಾತಾಡುವುದಿಲ್ಲ, ಕತ್ತಲೆ ಕೋಣೆಯಲ್ಲಿ ನೋಡಿ ಬರೆದು ಕೊಟ್ಟರಾಯಿತು.

ಬಮ್ಮಿಗಟ್ಟಿಯ ಮನೆಯ ಮುಂದೆ ಗಾಡಿ ನಿಂತಾಗ ಮೈಲಾರವ್ವ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುತ್ತಿದ್ದಳು. ಎಲೆ ಅಡಿಕೆ ಎಂದರೆ ಊಟ ಮುಗಿದಿದೆ. ಸರಕಾರಿ ಡಾಕ್ಟರು ತಾನಾಗಿ ಮನೆಗೆ ಬಂದದ್ದು ಅವಳಿಗೆ ಹಬ್ಬವಾಯಿತು. ಕಂಬಳಿ ಹಾಸಲು ಎದ್ದಳು.

"ಗುಳಗಿ ಎಲ್ಲೈತಿ ಆಯಿ?"

"ನೀವು ಹೇಳಿದಂಗ ಉಂಡ ಕೂಡ್ಲೆ ನುಂಗಿಸೇನ್ರಿ. ಒಲ್ಲೆ ಅಂದ್ಲು, ನಾ ಬಿಡಲಿಲ್ಲ," ಅಂದಳು ಮೈಲಾರವ್ವ, ಶಾಬಾಸಗಿರಿ ಬಯಸುವ ಕೂಸಿನಂತೆ.

ದೇವಕ್ಕ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಅವನು ಹೊಸ್ತಿಲ ಮೇಲೇ ಅವಳನ್ನು ಕೂಡಿಸಿ ಕೈ ಹಿಡಿದ. ಈ ಸಲ ಕಣ್ಣು ಎಲ್ಲಿಯೂ ಹೋಗಲಿಲ್ಲ. ಒಂದು ಬಡಿತ ಬಂತು. ಇನ್ನೊಂದು ಬರುವುದರೊಳಗೆ ಒಬ್ಬರು ಕುಶಲ ಕೇಳಿ ಇನ್ನೊಬ್ಬರು ಉತ್ತರ ಕೊಡಬಹುದು, ಅಷ್ಟು ತೆರಪು. ಇದೇ ನಾಡಿ ಮುಂಜಾನೆ ಇವೇ ಬೆರಳ ಕೆಳಗೆ ಇತ್ತು. ಅವನಿಗೆ ತನ್ನ ಬೆರಳುಗಳ ಮೇಲೇ ಸಿಟ್ಟು ಬಂತು.

ಕಿಸೆಯಲ್ಲಿದ್ದದ್ದು ಒಂದೇ ಇಂಜೆಕ್ಷನ್ನು, ಎದೆ ನಿಂತರೆ ಬೇಕಾದೀತು ಅಂತ ಅದನ್ನು ಉಳಿಸಿಕೊಂಡು, ಹುಬ್ಬಳ್ಳಿಗೆ ಈಗಲೇ ಹೋಗಬೇಕು ಅಂದ. ಮೈಲಾರವ್ವನ ಕೈಯಲ್ಲಿದ್ದ ಎಲೆ ಅಲ್ಲೇ ಉಳಿಯಿತು. ಮುಂಜಾನೆ ಹೆದರಿಕೆ ಅಂದವರು ಈಗ ಹುಬ್ಬಳ್ಳಿ ಅನ್ನುತ್ತೀರಲ್ಲ, ಕೊಟ್ಟ ಗುಳಿಗೆಯನ್ನು ಯಾಕೆ ಹುಡುಕಿಕೊಂಡು ಬಂದಿರಿ ಅಂತ ಕೇಳಿದಳು. ಮುದುಕಿ ಚುರುಕು. ದನದ ಕೊಟ್ಟಿಗೆಯಿಂದ ದೇವಕ್ಕನ ಗಂಡ ಕರಿಸಿದ್ದಪ್ಪ ಬಂದು ಬಾಗಿಲಲ್ಲಿ ನಿಂತ. ಮಾತು ಕಡಿಮೆಯ ಮನುಷ್ಯ, ಆಳೆತ್ತರ, ಕೈಗೆ ಸಗಣಿ ಮೆತ್ತಿತ್ತು. ಇನ್ನೂ ಒಂದು ಪರೀಕ್ಷೆ ಬಾಕಿಯಿದೆ ಅಂತ ಒಂದು ಸುಳ್ಳು ಹೇಳಿದರೆ ಮುಗಿಯುತ್ತಿತ್ತು. ಆ ಸುಳ್ಳು ಅಮೋಘಸಿದ್ದಪ್ಪನ ನಾಲಗೆಯ ತುದಿಗೂ ಬಂದಿತ್ತು. ಅದನ್ನು ನುಂಗಿಕೊಂಡ.

"ನಂದು ತಪ್ಪಾಗೈತಿ. ಈಕಿಗೆ ಹೆದರಿಕಿ ಅಲ್ಲ, ಎದಿ ನಿಲ್ಲೂ ರೋಗ ಐತಿ. ನಾ ಸರಿಯಾಗಿ ಕೇಳಲಿಲ್ಲ. ಕೊಡಬಾರದ ಗುಳಗಿ ಕೊಟ್ಟೇನಿ."

ಮೈಲಾರವ್ವ ಬೈಯಲಿಲ್ಲ. ಓದಿದವರೇ ಹೀಗೆ ಮಾಡಿದರೆ ನಾವು ಯಾರ ಬಾಗಿಲಿಗೆ ಹೋಗಬೇಕು ಅಂತ ಸಣ್ಣ ದನಿಯಲ್ಲಿ ಕೇಳಿ, ಗುಳಿಗೆ ನುಂಗಿಸಿದ ತನ್ನ ಕೈಯನ್ನೇ ನೋಡುತ್ತ ಕೂತಳು. ಅದಕ್ಕಿಂತ ಬೈದಿದ್ದರೆ ವಾಸಿಯಿತ್ತು. ಕರಿಸಿದ್ದಪ್ಪ ಕೇಳಿದ್ದು ಒಂದೇ.

"ಹುಬ್ಬಳ್ಳಿಗೆ ಒಯ್ದರ ಉಳೀತಾಳೇನ್ರಿ?"

"ಗೊತ್ತಿಲ್ಲ. ಇಲ್ಲೇ ಇದ್ರ ಉಳ್ಯೂದು ಕಷ್ಟ. ನಾ ಕೂಡ ಬರ್ತೇನಿ, ಈ ಕೈ ಬಿಡಂಗಿಲ್ಲ," ಅಂದ ಅಮೋಘಸಿದ್ದಪ್ಪ. ಮಾತಿಗೆ ಅಂದದ್ದಲ್ಲ, ಅವನು ಇನ್ನೂ ನಾಡಿ ಹಿಡಿದೇ ಇದ್ದ.

ಗಾಡಿಯಲ್ಲಿ ಖಾಲಿ ಚೀಲ ಹಾಸಿ ಮೇಲೆ ಕೌದಿ ಹಾಕಿ ದೇವಕ್ಕನನ್ನು ಮಲಗಿಸಿ, ಅತ್ತೆ, ಗಂಡ ಇಬ್ಬರೂ ಬಾಜು ಕೂತರು. ಅವಳಿಗೆ ಇದೆಲ್ಲ ಸಂಕೋಚ. ಎಮ್ಮೆ ಹಿಂಡುವವರು ಯಾರು, ಸೀರೆಯಾದರೂ ಬದಲಿಸಬೇಕಿತ್ತು ಅಂತ ಒದ್ದಾಡಿದಳು. ಗಾಡಿ ಹೊರಟ ಮೇಲೆ ಅವನು ಮುಂಜಾನೆ ಕೇಳಬೇಕಾಗಿದ್ದನ್ನು ಕೇಳಿದ.

"ಜೀವ ಹೋಗಿ ಬಂದಂಗ ಆಗತೈತಿ ಅಂದೆಲ್ಲವ್ವಾ. ಹಂಗಂದ್ರ ಏನು? ನನಗ ತಿಳಿಯಂಗಿಲ್ಲ ಅಂತ ತಿಳಕೊಂಡು ಹೇಳು."

ದೇವಕ್ಕ ಅವನ ಮುಖ ನೋಡಿದಳು, ಚೇಷ್ಟೆಯೋ ಏನೋ ಅಂತ. ಆಮೇಲೆ ಹೇಳತೊಡಗಿದಳು. ಮೊದಲು ದನಿಗಳು ದೂರ ಹೋಗುತ್ತವಂತೆ, ಬಾಜುದವರು ಮಾತಾಡಿದರೂ ಪಕ್ಕದ ಓಣಿಯಿಂದ ಕೇಳಿದ ಹಾಗೆ. ಆಮೇಲೆ ಬೆಳಕು ಸಣ್ಣದಾಗುತ್ತದಂತೆ. ಹೆದರಿಕೆ ಏನೂ ಆಗುವುದಿಲ್ಲ, ಹೆದರಲು ಹೊತ್ತೇ ಇರುವುದಿಲ್ಲ. ಎಚ್ಚರಾದಾಗ ಮುಖಕ್ಕೆ ಒಲೆಯ ಝಳ ಬಡಿದ ಹಾಗೆ ಬಿಸಿ, ಯಾರು ಎಲ್ಲಿ ಅಂತ ಹುಡುಕಿಕೊಳ್ಳಬೇಕು. ಹಾವು ಕಂಡ ದಿನ ಬಣವಿಯ ಬುಡಕ್ಕೆ ಬಿದ್ದದ್ದೂ ಹೀಗೇ. ಬಿದ್ದು ಎದ್ದ ಮೇಲೆ ಹಾವು ಕಂಡಿತೇ ಹೊರತು ಹಾವು ಕಂಡು ಬಿದ್ದದ್ದಲ್ಲ. ಅತ್ತೆಗೆ ಹಾಗೆ ಹೇಳಿದರೆ ನಂಬಲಿಲ್ಲ. ಎಲ್ಲವೂ ಅವಳ ಬಾಯಲ್ಲೇ ಇತ್ತು, ಒಂದು ಪ್ರಶ್ನೆಯ ದೂರದಲ್ಲಿ.

ಮುಂದೆ ಅಮೋಘಸಿದ್ದಪ್ಪ ಹೃದಯದ ಡಾಕ್ಟರೆಂದು ಹೆಸರು ಮಾಡಿದ ಮೇಲೆ, ಅವನ ಕೈಕೆಳಗಿನ ಹುಡುಗರು ಬೆನ್ನ ಹಿಂದೆ ಅವನಿಗೆ 'ಹಂಗಂದ್ರ ಏನು ಡಾಕ್ಟರು' ಅಂತ ಅಡ್ಡಹೆಸರಿಟ್ಟಿದ್ದರು. ತಲೆ ತಿರುಗುತ್ತದೆ ಅಂದರೂ ಹಂಗಂದ್ರ ಏನು, ಎದೆ ಉರಿ ಅಂದರೂ ಹಂಗಂದ್ರ ಏನು. ಹೊರಗೆ ಸಾಲು ಎಷ್ಟೇ ಉದ್ದ ಇರಲಿ, ಒಬ್ಬರ ಮಾತು ಮುಗಿಯುವ ತನಕ ಅವನು ಕೈಯಲ್ಲಿ ಪೆನ್ನು ಹಿಡಿಯುತ್ತಿರಲಿಲ್ಲ. ರೋಗಿಗಳಿಗೂ ಬೇಸರ ಬರುತ್ತಿತ್ತು. ಬಂದರೆ ಬರಲಿ ಅನ್ನುತ್ತಿದ್ದ. ಆದರೆ ಅದೆಲ್ಲ ಆಮೇಲಿನ ಮಾತು. ಈಗ ಗಾಡಿ ಕಲಘಟಗಿ ದಾಟಿತ್ತು. ದೇವಕ್ಕ ಎಮ್ಮೆಯ ಕರುವಿನ ಬಗ್ಗೆ ಗಂಡನಿಗೆ ಏನೋ ಹೇಳುತ್ತಿದ್ದವಳು ಮಾತಿನ ನಡುವೆ ಸುಮ್ಮನಾದಳು.

ಬೆರಳ ಕೆಳಗೆ ಏನೂ ಇರಲಿಲ್ಲ. ಅವನು ಕಾದ. ಇಲ್ಲ. ಅವಳ ಮುಖದ ಬಣ್ಣ ಇಳಿಯುವುದನ್ನು ನೋಡುತ್ತಲೇ ಅವನು ಮುಷ್ಟಿ ಬಿಗಿದು ಅವಳ ಎದೆಯ ನಡುವಿನ ಎಲುಬಿನ ಎಡಕ್ಕೆ ಗುದ್ದಿದ.

ಮೈಲಾರವ್ವ ಕಿಟಾರನೆ ಕಿರುಚಿ ಅವನ ಅಂಗಿಯ ಕಾಲರಿಗೆ ಕೈ ಹಾಕಿದಳು. ಸೊಸೆಗೆ ವಿಷದ ಗುಳಿಗೆ ಕೊಟ್ಟದ್ದು ಸಾಲದೆ ಬಡಿದು ಕೊಲ್ಲುತ್ತಾನೆ ಅಂತಲೇ ಅವಳು ತಿಳಿದಳು. ತಿಳಿದದ್ದರಲ್ಲಿ ತಪ್ಪೇನಿದೆ? ಪರ ಗಂಡಸೊಬ್ಬ, ಎಚ್ಚರ ತಪ್ಪಿ ಮಲಗಿದ ಹೆಂಗಸಿನ ಎದೆಗೆ ಗುದ್ದುವುದನ್ನು ಯಾವ ಅತ್ತೆ ನೋಡಿಯಾಳು. ಕಾಲರು ಹರಿಯಿತು. ಅವನು ಇನ್ನೊಂದು ಕೊಟ್ಟ. ಬೆರಳ ಕೆಳಗೆ ಒಂದು ಬಡಿತ ಎದ್ದಿತು. ಮತ್ತೊಂದು ಗುದ್ದು, ಮತ್ತೊಂದು ಬಡಿತ. ಗುದ್ದು ನಿಲ್ಲಿಸಿದರೆ ಬಡಿತವೂ ಇಲ್ಲ.

ಇಂಜೆಕ್ಷನ್ ಕೊಡಬೇಕಿತ್ತು. ಅದಕ್ಕೆ ಅವನ ಎರಡೂ ಕೈ ಬೇಕು. ಇಸ್ಮಾಯಿಲಸಾಬನಿಗೆ ಗಾಡಿ ನಿಲ್ಲಿಸಲು ಕೂಗಿ, ಕರಿಸಿದ್ದಪ್ಪನ ಕಡೆ ತಿರುಗಿದ.

"ನೀ ಹೊಡಿ. ಇಲ್ಲೇ, ನಾ ಹೊಡದಂಗ."

"ನಾ ಆಕಿ ಮ್ಯಾಲ ಒಮ್ಮಿನೂ ಕೈ ಎತ್ತಿಲ್ರಿ," ಅಂದ ಕರಿಸಿದ್ದಪ್ಪ.

"ಈಗ ಎತ್ತಬೇಕು. ಎತ್ತದಿದ್ರ ಹೋಗ್ತಾಳ."

ಮೊದಲ ಏಟು ಕೂಸಿಗೆ ತಟ್ಟಿದ ಹಾಗಿತ್ತು. ಅದರಿಂದ ಏನೂ ಏಳಲಿಲ್ಲ. ಜೋರಾಗಿ ಅಂತ ಅಮೋಘಸಿದ್ದಪ್ಪ ಗದರಿದ, ತನಗಿಂತ ಹಿರಿಯನನ್ನು, ಆಳಿಗೆ ಗದರಿದ ಹಾಗೆ. ಕರಿಸಿದ್ದಪ್ಪ ಕಣ್ಣು ಮುಚ್ಚಿ ಮುಷ್ಟಿ ಎತ್ತಿದ. ಆಮೇಲೆ ಒಂದೇ ಸಮ ಹೊಡೆದ, ಒಂದೊಂದು ಏಟಿಗೂ ಬಾಯಲ್ಲಿ ಮೈಲಾರಲಿಂಗನ ಹೆಸರು ಹೇಳುತ್ತ. ಅಮೋಘಸಿದ್ದಪ್ಪ ಚುಚ್ಚಿದ ಸೂಜಿ ಎರಡು ಸಲ ನರ ತಪ್ಪಿತು, ಮೂರನೆಯ ಸಲ ಹೊಕ್ಕಿತು. ರಸ್ತೆಯಲ್ಲಿ ಹೋಗುತ್ತಿದ್ದ ಎತ್ತಿನ ಬಂಡಿಯವನೊಬ್ಬ ನಿಂತು ಒಳಗೆ ಇಣುಕಿದ. ಗಂಡ ಹೆಂಡತಿಯನ್ನು ಬಡಿಯುತ್ತಿದ್ದಾನೆ, ಡಾಕ್ಟರು ನೋಡುತ್ತ ಕೂತಿದ್ದಾನೆ ಅಂತ ಅವನು ಊರಲ್ಲಿ ಹೇಳಿದ್ದರೂ ಸುಳ್ಳಾಗುತ್ತಿರಲಿಲ್ಲ.

ಔಷಧ ಹಿಡಿಯಿತೋ, ಏಟು ಹಿಡಿಯಿತೋ, ಅಮೋಘಸಿದ್ದಪ್ಪನಿಗೆ ಎಂದೂ ಖಚಿತವಾಗಲಿಲ್ಲ. ಒಂದು ಗುದ್ದಿಗೆ ಎರಡು ಬಡಿತ ಬಂದವು. ತಡಿ ಅಂದ. ಕರಿಸಿದ್ದಪ್ಪನ ಮುಷ್ಟಿ ಗಾಳಿಯಲ್ಲೇ ನಿಂತಿತು. ಮೂರನೆಯದು ತಾನಾಗಿ ಬಂತು, ನಾಲ್ಕನೆಯದೂ ಬಂತು. ದೇವಕ್ಕನ ಮುಖಕ್ಕೆ ಕೆಂಪು ಏರಿತು. ಮೈಲಾರವ್ವ ಹಿಡಿದಿದ್ದ ಕಾಲರು ಬಿಟ್ಟು ಸೊಸೆಯ ಅಂಗಾಲು ಹಿಡಿದುಕೊಂಡು ತಿಕ್ಕುತ್ತ ಕೂತಳು. ಗಾಡಿ ಮತ್ತೆ ಹೊರಟಿತು. ಇಸ್ಮಾಯಿಲಸಾಬ ಹಿಂದೆ ತಿರುಗಿ ನೋಡುವ ಧೈರ್ಯವಿಲ್ಲದೆ ಕನ್ನಡಿಯನ್ನೇ ಪಕ್ಕಕ್ಕೆ ತಿರುಗಿಸಿಬಿಟ್ಟಿದ್ದ.

ದೊಡ್ಡ ಆಸ್ಪತ್ರೆಯಲ್ಲಿ ಹಿರಿಯ ಡಾಕ್ಟರೊಬ್ಬರು ರಕ್ತನಾಳದ ಒಳಗಿಂದ ಎದೆಯ ತನಕ ತೆಳ್ಳನೆಯ ತಂತಿ ಏರಿಸಿ, ಹೊರಗೆ ಒಂದು ಪುಟ್ಟ ಯಂತ್ರಕ್ಕೆ ಅದನ್ನು ಜೋಡಿಸಿದರು. ಇನ್ನು ಎದೆಯನ್ನು ಅದು ನಡೆಸುತ್ತದೆ, ಕೈ ಬಿಡು ಅಂದರು. ಅಮೋಘಸಿದ್ದಪ್ಪ ಮಡಿಚಿದ ಬೆರಳು ಬಿಚ್ಚಲು ಬರದೆ ಇನ್ನೊಂದು ಕೈಯಿಂದ ಬಿಡಿಸಿಕೊಂಡ. ಅವರು ಕೇಳುವ ಮೊದಲೇ ಗುಳಿಗೆಯ ವಿಷಯ ಹೇಳಿದ. ಅವರು ಅದನ್ನು ಕೇಳಿಸಿಕೊಂಡು, ಮುಂದೆ ಏನು ಓದಬೇಕು ಅಂತ ಮಾಡಿದ್ದೀ ಅಂತ ಕೇಳಿದರು. ಎಕ್ಸ್‌ರೇ ಅನ್ನಲು ಬಾಯಿ ತೆರೆದವನಿಗೆ ಆ ಮಾತು ಹೊರಡಲಿಲ್ಲ. ವಿಚಾರ ಮಾಡಬೇಕ್ರಿ ಅಂದ.

ಮರುದಿನ ಮುಂಜಾನೆ ವಾರ್ಡಿಗೆ ಹೋದಾಗ ದೇವಕ್ಕ ದಿಂಬಿಗೆ ಒರಗಿ ಗಂಜಿ ಕುಡಿಯುತ್ತಿದ್ದಳು. ಅಪಾಯ ಪೂರ್ತಿ ಕಳೆದಿರಲಿಲ್ಲ. ಈ ತಂತಿ ತಾತ್ಕಾಲಿಕ. ಚರ್ಮದ ಅಡಿಗೆ ಬ್ಯಾಟರಿ ಕೂಡಿಸಲು ಬೆಂಗಳೂರಿಗೆ ಹೋಗಬೇಕು, ರೈಲಿನಲ್ಲಿ ಇಡೀ ರಾತ್ರಿ. ದಾರಿಯಲ್ಲಿ ತಂತಿ ಸರಿದರೆ ಮತ್ತೆ ಅದೇ. ಇದನ್ನೆಲ್ಲ ಅವನು ಮೂವರಿಗೂ ತಿಳಿಯುವ ಹಾಗೆ ಹೇಳಿದ, ಏನನ್ನೂ ಬಚ್ಚಿಡಲಿಲ್ಲ. ದೇವಕ್ಕ ಕೇಳಿಸಿಕೊಂಡು, ಸೆರಗಿನ ಮೇಲಿಂದ ಎದೆ ಒತ್ತಿಕೊಂಡಳು.

"ಇಲ್ಲಿ ಅಗದಿ ನೋಯ್ತೈತ್ರಿ ಸಾಹೇಬ್ರ. ಯಾರರ ಹೊಡದ್ರೇನ್ರಿ ನನ್ನ?"

ಮೈಲಾರವ್ವ ಕಿಟಕಿಯ ಕಡೆ ಮುಖ ತಿರುಗಿಸಿದಳು. ನಾನೇ ಹೊಡೆದೆ ಅಂತ ಅಮೋಘಸಿದ್ದಪ್ಪ ಹೇಳಿದ. ಮಂಚದ ಕಾಲ ಬಳಿ ನಿಂತಿದ್ದ ಕರಿಸಿದ್ದಪ್ಪ ಕೆಮ್ಮಿದ.

"ನಾನೂ ಹೊಡದೇನಿ," ಅಂದ, ನೆಲ ನೋಡುತ್ತ.

ದೇವಕ್ಕ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. ಎತ್ತಿಗೂ ಬಾರಕೋಲು ಮುಟ್ಟಿಸದ ಮನುಷ್ಯ ಇವರು, ಇವರಿಂದ ಇದೆಲ್ಲಿ ಆಗುತ್ತದೆ ಅಂತ ಡಾಕ್ಟರಿಗೇ ಹೇಳಿ ನಕ್ಕಳು. ಯಾರೂ ಅವಳ ಜೋಡಿ ನಗಲಿಲ್ಲ. ಅವಳ ನಗು ನಿಂತಿತು. ಗಂಜಿಯ ಬಟ್ಟಲನ್ನು ಕೆಳಗಿಟ್ಟಳು.

"ರೈಲಿನ್ಯಾಗ ಹಂಗಾದ್ರ ಮತ್ತ ಹೊಡೀರಿ," ಅಂದಳು ಮೆಲ್ಲಗೆ. "ಸಂಕೋಚ ಮಾಡಬ್ಯಾಡ್ರಿ."

ಕರಿಸಿದ್ದಪ್ಪ ಅಮೋಘಸಿದ್ದಪ್ಪನ ಹತ್ತಿರ ಬಂದು ಬಲಗೈ ಮುಷ್ಟಿ ಮಾಡಿ ಮುಂದೆ ಹಿಡಿದ. ನಿನ್ನೆ ಕಣ್ಣು ಮುಚ್ಚಿ ಹೊಡೆದೆ, ಜಾಗ ಗೊತ್ತಿಲ್ಲ, ಎಲ್ಲಿ ಅಂತ ಸರಿಯಾಗಿ ತೋರಿಸಿ ಅಂದ. ಅಮೋಘಸಿದ್ದಪ್ಪ ಆ ಮುಷ್ಟಿಯನ್ನು ಎರಡೂ ಕೈಯಿಂದ ಹಿಡಿದು, ಕಾಲರು ಹರಿದ ಅಂಗಿಯ ಮೇಲೆ ತನ್ನ ಎದೆಗೇ ತಂದು, ಎಲುಬಿನ ಎಡಕ್ಕೆ ಇಟ್ಟ.

"ಇಲ್ಲೇನ್ರಿ?"

"ಇಲ್ಲೇ."

ಕರಿಸಿದ್ದಪ್ಪ ಕೈ ತೆಗೆಯಲಿಲ್ಲ. ತಲೆ ಒಂದು ಪಕ್ಕಕ್ಕೆ ವಾಲಿಸಿ, ಒಳಗಿನದನ್ನು ಕೇಳಿಸಿಕೊಳ್ಳುವವನ ಹಾಗೆ ನಿಂತ.

"ನಿಮ್ಮದು ಭಾಳ ಜೋರ ಬಡೀಲಿಕತ್ತೈತಲ್ರೀ ಸಾಹೇಬ್ರ," ಅಂದ, ಮುಷ್ಟಿಯನ್ನು ನಿಧಾನವಾಗಿ ಬಿಚ್ಚಿ ಅಂಗೈಯನ್ನು ಅಲ್ಲೇ ಊರಿದ.